ಸೋದರಮಾವನ ಕತ್ತರಿ

ನನ್ನ ಮಗನಿಗೆ ಐದು ತುಂಬುತ್ತ ಬಂದರೂ ತಲೆಗೆ ಕತ್ತರಿ ಸೋಕಿರಲಿಲ್ಲ. ಎರಡು ಜಡೆ ಹಾಕಿ, ತುದಿಗೆ ರಿಬ್ಬನ್ ಕಟ್ಟಿ ಅಂಗನವಾಡಿಗೆ ಕಳಿಸುತ್ತಿದ್ದೆ. "ನಿನ್ನ ಮಗಳು ಭಾಳ ಚೂಟಿ ಐತಿ ನೋಡವಾ" ಎಂದು ಯಾರಾದರೂ ಹೊಗಳಿದರೆ ಸಾಕು, ಅವನು ಸೊಂಟದ ಮೇಲೆ ಕೈಯಿಟ್ಟು, "ನಾ ಗಂಡಸ ಅದೀನಿ!" ಎಂದು ಜಗಳಕ್ಕೇ ನಿಲ್ಲುತ್ತಿದ್ದ. ಬಾಯಿಯಲ್ಲಿ ನನ್ನನ್ನೇ ಹೋಲುತ್ತಾನೆ.

ಜವಳ ತೆಗೆಯುವಾಗ ಮಗು ಕೂರಬೇಕಾದ್ದು ಸೋದರಮಾವನ ತೊಡೆಯ ಮೇಲೆ. ಕೂದಲು ತೋಯಿಸಿ ಮೊದಲ ಕುಚ್ಚಿಗೆ ಕತ್ತರಿ ಹಾಕಬೇಕಾದವನೂ ಅವನೇ. ನನಗಿದ್ದವನು ಒಬ್ಬನೇ ತಮ್ಮ. ಅಪ್ಪ ಅವ್ವ ಬೇಗ ಹೋದ ಮೇಲೆ ಯಾದಗಿರಿಯ ಒಂದು ಕೋಣೆಯ ಮನೆಯಲ್ಲಿ ಅವನನ್ನು ನಾನೇ ಬೆಳೆಸಿದ್ದೆ. ಈಗ ಅವನು ಎಲ್ಲಿದ್ದಾನೆಂಬುದೇ ನನಗೆ ಗೊತ್ತಿರಲಿಲ್ಲ. ಹಾಗೆ ಮಾಡಿಕೊಂಡವಳೂ ನಾನೇ.

ನನ್ನನ್ನು ಕೊಟ್ಟದ್ದು ದೋರನಹಳ್ಳಿ ಕಡೆಗೆ. ಆಗ ಕಾಲುವೆಗೆ ನೀರು ಬಂದು ಕೆಲವೇ ವರ್ಷವಾಗಿತ್ತು. ಜೋಳ ಬಿತ್ತುತ್ತಿದ್ದವರೆಲ್ಲ ಭತ್ತ ಹಚ್ಚಿದ್ದರು. ತಮ್ಮನಿಗೆ ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸ ಸಿಕ್ಕಿ, ನಮ್ಮೂರ ಗೇಟಿಗೇ ಬಂದ. ಯಾವ ಹೊಲಕ್ಕೆ ಯಾವ ದಿನ ನೀರು ಎಂಬುದಕ್ಕೆ ಪಾಳಿ ಇತ್ತು. ತೆನೆ ಹಾಲು ತುಂಬುವ ಹೊತ್ತಿಗೆ ನಮ್ಮ ಗದ್ದೆಗೆ ನೀರು ಸಾಲಲಿಲ್ಲ. ಪಾಳಿ ಮುಗಿದಿದ್ದರೂ ನನ್ನ ಗಂಡ, "ಇನ್ನೊಂದ ದಿನ ಬಿಡಪಾ" ಎಂದು ಕೇಳಿದರು. "ಕೆಳಗಿನವರ ಪಾಳಿ ಐತಿ ಮಾವಾ, ಆಗಂಗಿಲ್ಲ" ಎಂದ ತಮ್ಮ.

ನನಗೆ ಸಿಟ್ಟು ನೆತ್ತಿಗೇರಿತು. ಏಳು ತಿಂಗಳ ಬಸುರಿ, ಆ ಬಿಸಿಲಲ್ಲಿ ಗೇಟಿನತನಕ ನಡೆದು ಹೋದೆ. ಊರ ಮಂದಿಯೆಲ್ಲ ನಿಂತಿದ್ದರು. "ಅನ್ನ ಹಾಕಿದ ಮನಿಗೇ ನೀರಿಲ್ಲ ಅಂತಿದಿ? ಇವತ್ತಿನಿಂದ ನನಗ ತಮ್ಮ ಇಲ್ಲ. ಸತ್ತಾನಂತ ತಿಳ್ಕೋತೀನಿ!" ಅಂದುಬಿಟ್ಟೆ. ಅವನು ಗೇಟಿನ ಹಿಡಿಕೆ ಬಿಡಲಿಲ್ಲ. ತಿಂಗಳೊಳಗೆ ಬೇರೆ ಕಡೆಗೆ ವರ್ಗ ಕೇಳಿಕೊಂಡು ಹೋದನಂತೆ. ಒಂದು ಕಾಗದವಿಲ್ಲ, ಸುದ್ದಿಯಿಲ್ಲ.

"ಐದು ತುಂಬೋದ್ರೊಳಗ ಜವಳ ಆಗಬೇಕು" ಎಂದರು ಅತ್ತೆ. "ತಮ್ಮ ಇಲ್ದಾಕಿ ಇದ್ದಿದ್ರ ಏನ್ ಮಾಡ್ತಿದ್ದಿ? ಓಣ್ಯಾಗಿನ ಯಾರನ್ನರ ಕೂಡ್ಸಿ ತಗಸೋಣು." ಹಾಗೆ ಮಾಡುವವರು ಬೇಕಾದಷ್ಟಿದ್ದಾರೆ, ತಪ್ಪೇನಿಲ್ಲ. ಆದರೆ ನನಗೆ ಮನಸ್ಸಾಗಲಿಲ್ಲ. ಆ ಜಾಗದಲ್ಲಿ ಬೇರೆಯವರನ್ನು ಕೂರಿಸಿದರೆ, ಅವತ್ತು ಬಾಯಲ್ಲಿ ಅಂದದ್ದನ್ನು ಇವತ್ತು ಕೈಯಾರೆ ಮಾಡಿ ಮುಗಿಸಿದ ಹಾಗೆ. "ಅವನನ್ನ ಹುಡುಕ್ತೀನಿ" ಎಂದೆ.

ಗಂಡ ಮೋಟರ್‌ಸೈಕಲ್ ಹೊರಗೆ ತೆಗೆದರು, ಮುಖ ಮಾತ್ರ ಗಂಟು. "ಕರಕೊಂಡು ಹೋಗ್ತೀನಿ. ಆದ್ರ ನಾ ಅವನ ಕೂಡ ಮಾತಾಡಂಗಿಲ್ಲ. ದೂರ ನಿಂದರ್ತೀನಿ." ಅತ್ತೆ ಕೈಚೀಲದಲ್ಲಿ ತಂಬಿಗೆ, ಕತ್ತರಿ, ಅರಿಶಿನ ಕುಂಕುಮ, ಕೊಬ್ಬರಿ ಸಕ್ಕರೆ ಇಟ್ಟುಕೊಟ್ಟರು. "ಸಿಕ್ಕಲ್ಲೇ ಮಾಡ್ಸಿಬಿಡು. ನೀ ಮತ್ತ ಬಾಯಿ ಬಿಚ್ಚಿದಿ ಅಂದ್ರ ಅಂವ ಮತ್ತ ಓಡ್ತಾನ."

ಶಹಾಪುರದ ಬಸ್‌ಸ್ಟ್ಯಾಂಡಿನ ಎದುರು ಚಹಾ ಕುಡಿಯುತ್ತಿದ್ದ ಕಾಲುವೆ ಕೆಲಸದವರನ್ನು ಕೇಳಿದೆವು. ಗೋಗಿ ಕಡೆ ಇದ್ದಾನೆ ಎಂದರು. ಗೋಗಿಗೆ ಹೋದರೆ ಅವನು ಅಲ್ಲಿಂದಲೂ ಬಿಟ್ಟು ಎರಡು ವರ್ಷವಾಗಿತ್ತು. ಅವನ ಜೊತೆ ಕೆಲಸ ಮಾಡಿದ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತಿದ್ದರು. ನಾವು ಯಾರೆಂದು ಹೇಳುವ ಮೊದಲೇ ಶುರು ಮಾಡಿದರು.

"ಅಂವಾ? ಭಾರಿ ಖಡಕ್ ಮನುಷ್ಯಾರೀ. ಸ್ವಂತ ಅಕ್ಕನ ಗಂಡಗ ನೀರು ಬಿಟ್ಟಿಲ್ಲಂತ! ಆ ಸುದ್ದಿ ಗೊತ್ತಾದ ಮ್ಯಾಲ, ಒಂದ ತಾಸು ಜಾಸ್ತಿ ಬಿಡು ಅಂತ ಇಲ್ಲಿ ಯಾರೂ ಕೇಳಾಕ ಹೋಗ್ಲಿಲ್ಲ."

ನನ್ನ ಗಂಡ ಗಾಡಿಯ ಕನ್ನಡಿ ಒರೆಸತೊಡಗಿದರು. ಕನ್ನಡಿ ಮೊದಲೇ ಸ್ವಚ್ಛವಿತ್ತು.

"ಆ ಅಕ್ಕ ಹೆಂಗಾಕಿ ಅಂತ್ರಿ?" ಎಂದು ಕೇಳಿದೆ. ತಡೆಯಲಾಗಲಿಲ್ಲ.

"ಬಾಯಿ ಭಾಳ ಜೋರಂತ್ರಿ. ಆದ್ರ ಅಂವ ಅಕಿ ಬಗ್ಗಿ ಒಂದ ಕೆಟ್ಟ ಮಾತು ಆಡಿಲ್ಲ ನೋಡ್ರಿ. 'ನನ್ನ ಬೆಳಿಸ್ಯಾಳ' ಅಂತಿದ್ದ. ಈಗ ವನದುರ್ಗದ ಕಡೆ ಹೋಗಿ ಕೇಳ್ರಿ."

ಗಾಡಿ ವನದುರ್ಗದ ದಾರಿ ಹಿಡಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡರೆ ಟ್ಯಾಂಕಿನ ಮೇಲೆ ಕೂತಿದ್ದ ಮಗ ಹಿಂತಿರುಗಿ ನೋಡಿ, "ಧೂಳ ಬಿತ್ತೇನವಾ?" ಎಂದ. ಹೌದೆಂದೆ.

ಅಲ್ಲಿ ಕಾಲುವೆಯ ಕೊನೆಯ ಹೊಲದಲ್ಲಿ ಹೆಂಗಸೊಬ್ಬಳು ಕಸ ಕೀಳುತ್ತಿದ್ದಳು. ಹೊಲದ ಬದಿಯ ಸಣ್ಣ ಕಾಲುವೆ ಒಣಗಿ ಬಿರುಕು ಬಿಟ್ಟಿತ್ತು. ತಮ್ಮನನ್ನು ಕೇಳಿದ್ದಕ್ಕೆ, "ಅಂವ ಇದ್ದಾಗ ಇಲ್ಲೀತನಕ ನೀರು ಮುಟ್ತಿತ್ರಿ" ಎಂದಳು. "ಈಗ ಮ್ಯಾಲಿನವರು ಬಿಟ್ಟರ ಬರ್ತೈತಿ, ಇಲ್ಲಾಂದ್ರ ಇಲ್ಲ. ಅಂವ ಈಗ ಸುರಪುರದ ಗೇಟಿನ್ಯಾಗ ಅದಾನ."

ಗಂಡ ಗಾಡಿಯಿಂದಿಳಿದು ಆ ಒಣ ಕಾಲುವೆಯಲ್ಲಿ ನಿಂತರು. ಬಗ್ಗಿ ಒಂದು ಮಣ್ಣಿನ ಹೆಂಟೆ ಎತ್ತಿ ಕೈಯಲ್ಲಿ ಪುಡಿ ಮಾಡಿದರು. "ನಮ್ಮೂರಾಗ ಕೆಳಗಿನವರ ಹೊಲ ನಾ ಒಮ್ಮಿನೂ ಹೋಗಿ ನೋಡಿಲ್ಲ" ಎಂದರು. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ ತಿಳಿಯಲಿಲ್ಲ. ಗಾಡಿ ಚಾಲೂ ಮಾಡಿದರು.

ಸುರಪುರದ ಹೊರಗೆ ಗೇಟು ಸಿಕ್ಕಾಗ ಬಿಸಿಲು ಇಳಿಯುತ್ತಿತ್ತು. ಕಾಲುವೆ ಅಂಚಿನವರೆಗೂ ತುಂಬಿ ಹರಿಯುತ್ತಿತ್ತು. ಗಂಡ ಹೇಳಿದಂತೆಯೇ ದೂರದ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಅಲ್ಲೇ ನಿಂತರು. ತಮ್ಮ ಗೇಟಿನ ತಿರುಪಿಗೆ ಎಣ್ಣೆ ಹಚ್ಚುತ್ತಿದ್ದ. ಕಿವಿಯ ಹತ್ತಿರ ಕೂದಲು ನರೆತಿತ್ತು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ನನಗೆ ಮರೆತೇಹೋಯಿತು. ಮಗನೇ ಮುಂದೆ ಹೋಗಿ, "ನೀನ ಏನು ನಮ್ಮ ಮಾಮಾ?" ಎಂದ.

ತಮ್ಮ ಅವನ ಮುಖ ನೋಡಿದ. ಆಮೇಲೆ ಎರಡು ಜಡೆ ನೋಡಿದ. ಕೈಯಲ್ಲಿದ್ದ ಎಣ್ಣೆಬಟ್ಟೆ ಹಾಗೇ ಹಿಡಿದು ಕಟ್ಟೆಯ ಮೇಲೆ ಕೂತುಬಿಟ್ಟ.

"ಇನ್ನೂ ತಗಸಿಲ್ಲೇನು ಅಕ್ಕಾ?"

"ಯಾರ ಕಡೆ ತಗಸ್ಲಿ?"

"ತಮ್ಮ ಇಲ್ಲ ಅಂದಿದ್ದಿಯಲ್ಲ."

"ಅಂದಿದ್ದೆ. ನನ್ನ ಬಾಯಿಗೆ ಬೆಂಕಿ ಬೀಳ್ಲಿ. ಆ ಮಾತು ಅಂದ ದಿನದಿಂದ ಹೊಟ್ಟಿತುಂಬ ಉಂಡಿಲ್ಲ ನಾ. ತಪ್ಪಾತು ತಮ್ಮಾ, ಬಾ."

ಅವನ ಕಣ್ಣು ತುಂಬಿ ಬಂದವು. ಆದರೂ ಏಳಲಿಲ್ಲ. ನನ್ನನ್ನು ದಾಟಿ ಬೇವಿನ ಮರದತ್ತ ನೋಡಿದ. "ಮಾವ ಅಲ್ಲೇ ಯಾಕ ನಿಂತಾರ? ಅವರಿಗೆ ಮನಸಿಲ್ಲಂದ್ರ ನಾ ಅವರ ಮಗನ ತಲಿಗೆ ಕತ್ತರಿ ಹಚ್ಚಂಗಿಲ್ಲ."

ಅದೇ ಹಠ. ಹಿಂದಿನಿಂದ ಹೆಜ್ಜೆ ಸಪ್ಪಳ ಕೇಳಿತು. ಗಂಡ ಬಂದವರೇ ನಮ್ಮಿಬ್ಬರ ಮುಖವನ್ನೂ ನೋಡದೆ ನನ್ನ ಚೀಲಕ್ಕೆ ಕೈಹಾಕಿ ತಂಬಿಗೆ ತೆಗೆದುಕೊಂಡರು. ಕಾಲುವೆಯ ಮೆಟ್ಟಿಲಿಳಿದು ನೀರಿನ ಹತ್ತಿರ ಕುಕ್ಕರಗಾಲಲ್ಲಿ ಕೂತರು. ಖಾಲಿ ತಂಬಿಗೆ ನೀರಿನ ಮೇಲೆ ಹಿಡಿದರು, ಅದ್ದಲಿಲ್ಲ.

"ಏನಪಾ," ಎಂದು ಕೂಗಿದರು, "ಹುಡುಗನ ತಲಿ ತೋಯ್ಸಾಕ ಒಂದ ತಂಬಿಗಿ ನೀರು ಬೇಕಾಗೇತಿ. ತುಂಬ್ಕೊಳ್ಳಲೇನು?"

ಕಾಲುವೆಯ ತುಂಬ ನೀರು, ಬೇಡವೆನ್ನುವವರಾರೂ ಇಲ್ಲ. ಆದರೂ ನನ್ನ ಗಂಡ ತಂಬಿಗೆ ಹಿಡಿದು ಉತ್ತರಕ್ಕಾಗಿ ಕಾಯುತ್ತಿದ್ದರು.

ತಮ್ಮ ಎದ್ದು ಎಣ್ಣೆಗೈಯನ್ನು ಧೋತರಕ್ಕೆ ಒರೆಸಿಕೊಂಡ.

"ಇವತ್ತ ನಿಮ್ದ ಪಾಳಿ ಐತ್ರಿ ಮಾವಾ" ಎಂದ. "ತುಂಬ್ಕೋರಿ."

ಆಮೇಲೆ ನನ್ನ ಮಗನನ್ನೆತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಕತ್ತರಿಗಾಗಿ ನನ್ನತ್ತ ಕೈ ಚಾಚಿದ.