ಎರಡು ದಿಕ್ಕಿಗೆ ಹರಿಯುವ ನದಿ

ಆ ಭಾನುವಾರ ನಮ್ಮ ಕಣಿವೆಗೆ ಆನೆಗಳು ಬಂದವು. ಮೊಲದಷ್ಟೇ ಎತ್ತರದವು. ಬರೆದವಳು ನನ್ನ ಹೆಂಡತಿ.

ಈ ಕಣಿವೆ ಎಲ್ಲಿಯೂ ಇಲ್ಲ. ಬದಲಾಪುರ ದಾಟಿ ರೈಲಿನಲ್ಲಿ ಹೋಗುವಾಗ ಕಂಡ ಬೆಟ್ಟಸಾಲಿನಿಂದ ಶುರುವಾದ ಆಟ ಅದು. ಅಂಬರನಾಥದ ಕಾರ್ಖಾನೆಯಿಂದ ನಾನು ತಂದ ಕಂದು ಪ್ಯಾಕಿಂಗ್ ಕಾಗದವನ್ನು ಡೊಂಬಿವಲಿಯ ನಮ್ಮ ಮನೆಯ ನೆಲದ ಮೇಲೆ ಹಾಸಿ ಕಣಿವೆಯ ನಕ್ಷೆ ಬರೆಯುತ್ತಿದ್ದೆವು. ವಾರಕ್ಕೊಬ್ಬರು ಏನಾದರೂ ಒಂದನ್ನು ಸೇರಿಸಬೇಕು. ಬರೆದದ್ದನ್ನು ಅಳಿಸುವಂತಿಲ್ಲ.

ಮೊದಲ ವಾರವೇ ಜಗಳ. ನಾನು ಉಡುಪಿ ಕಡೆಯವನು. ನದಿಯೆಂದರೆ ಪಡುವಣಕ್ಕೆ ಹರಿಯಬೇಕು. ಕೇಳದೆ ಹಾಗೆಯೇ ಗೀಚಿದೆ: ಬಲಕ್ಕೆ ಬೆಟ್ಟ, ಅಲ್ಲಿಂದ ಎಡಕ್ಕೆ, ಅಂದರೆ ನಕ್ಷೆಯ ಪಡುವಣಕ್ಕೆ, ಓಡುವ ನದಿ. ಅವಳ ತವರು ಗದಗಿನ ಹತ್ತಿರ.

"ಹೊಳಿ ಎಲ್ಲರೆ ಪಡುವಲಕ್ಕ ಹರೀತದೇನ್ರಿ? ಉಲ್ಟಾ ತಗದೀರಿ."

"ನಮ್ಮಲ್ಲಿ ಎಲ್ಲ ಹೊಳೆಯೂ ಹಾಗೇ ಹರಿಯುವುದು ಮಾರಾಯ್ತಿ."

"ಅದಕ್ಕ ನಿಮ್ಮ ನೀರೆಲ್ಲ ಉಪ್ಪಾಗಿ ಹೋಗ್ತದ."

ಅವಳು ಎದ್ದು ಸುತ್ತಿ ಬಂದು ನನ್ನ ಎದುರಿಗೆ ಕೂತಳು. ಈಗ ಬೆಟ್ಟ ಅವಳ ಎಡಕ್ಕಿತ್ತು, ನದಿ ಬಲಕ್ಕೆ ಹೋಗುತ್ತಿತ್ತು. "ನೋಡ್ರಿ, ನಾ ಕುಂತಲ್ಲಿಂದ ಮೂಡಲಕ್ಕ ಹೊಂಟದ. ಯಾರ ಹೊಳಿನೂ ಕೆಡಲಿಲ್ಲ."

ಅಂದಿನಿಂದ ಎದುರುಬದುರಾಗಿಯೇ ಕೂತೆವು. ಅವಳು ಐದು ತಿಂಗಳು ಚಳಿ ತಂದಳು. ಡೊಂಬಿವಲಿಯ ಸೆಖೆಯಲ್ಲಿ ಅವಳ ಸ್ವೆಟರ್ ಟ್ರಂಕಿನಿಂದ ಹೊರಬಂದದ್ದೇ ಇಲ್ಲ. ನಾನು ರೈಲಿನ ಹೊತ್ತಿಗೆ ಸರಿಯಾಗಿ ನಿಲ್ಲುವ ಮಳೆ ತಂದೆ, ಆಮೇಲೆ ನೀರುನಾಯಿಗಳನ್ನು. ಮರುವಾರವೇ ಅವಳು ಅವಕ್ಕೆ ಮಧ್ಯಾಹ್ನದ ನಿದ್ದೆ ಕಡ್ಡಾಯ ಮಾಡಿದಳು. ಬೆಳಗಿನ ಮಂಜು ಮೊಣಕಾಲಿನವರೆಗಷ್ಟೇ ಏಳುತ್ತಿತ್ತು, ದಾರಿ ತಪ್ಪಬಾರದಲ್ಲ.

ಆ ಭಾನುವಾರದ ಆನೆಗಳು ಸಂಜೆ ಸಾಲಾಗಿ ನೀರಿಗೆ ಇಳಿಯುತ್ತಿದ್ದವು. "ನೂಕಾಟ ಇಲ್ಲ ಅಂತ ಬರದೀನಿ," ಅಂದಳು. ದಿನವೂ ಬೆಳಗಿನ ಲೋಕಲ್ ರೈಲು ಹತ್ತುವವಳ ಆನೆಗಳು.

"ಇಷ್ಟು ಸಣ್ಣವು ಹೊಳೆ ದಾಟುವುದು ಹೇಗೆ?"

"ಮುಂದಿನ ವಾರ ನಿಮ್ಮ ಪಾಳಿ. ಸೇತುವೆ ಕಟ್ಟಿಕೊಡ್ರಿ."

ಕಾಗದ ಸುತ್ತಿಟ್ಟು ಕೊತ್ತಂಬರಿ ಸೊಪ್ಪು ಸೋಸಲು ಕೂತಳು. ಬುಧವಾರ ಆಫೀಸಿನಲ್ಲಿ ಕುಸಿದಳು. ಆಸ್ಪತ್ರೆ ತಲುಪುವ ಮೊದಲೇ ಹೋಗಿಬಿಟ್ಟಳು.

ಎರಡು ತಿಂಗಳು ಕಾಗದ ಬಿಚ್ಚಲಿಲ್ಲ. ಆಮೇಲೊಂದು ಭಾನುವಾರ, ಆನೆಗಳು ಕಾಯುತ್ತಿವೆ ಅನ್ನಿಸಿ ಬಿಚ್ಚಿದೆ. ಬಿದಿರಿನ ಸೇತುವೆ ಬರೆದೆ, ಎರಡೂ ಕಡೆ ತಗ್ಗಾದ ಕಟಕಟೆ ಇಟ್ಟೆ. ಚೆನ್ನಾಗಿಯೇ ಬಂತು. ಅವಳ ನದಿ ಇನ್ನೂ ಇದೆಯೇ ಎಂದು ನೋಡಬೇಕಿತ್ತು. ಎದ್ದು ಹೋಗಿ ಅವಳ ಜಾಗದಲ್ಲಿ ಕೂತೆ. ಇತ್ತು, ಮೂಡಣಕ್ಕೇ ಹರಿಯುತ್ತಿತ್ತು. ಆದರೆ ಆಗ ನನ್ನ ಜಾಗ ಖಾಲಿ. ಪಡುವಣದ ನದಿಯನ್ನು ನೋಡುವವರಿಲ್ಲ.

ಮರಳಿ ಬಂದು ನನ್ನ ಜಾಗದಲ್ಲಿ ಕೂತೆ. ಮುಂದಿನ ವಾರದ ಪಾಳಿ ಅವಳದು. ಎದುರಿಗೆ ಅವಳಿಲ್ಲ.