ಬ್ರೇಕಿಗೆ ಹರಳೆಣ್ಣೆ

ನಮ್ಮ ಯಜಮಾನರು ಶಿವಪ್ರಸಾದ್ ಮಂಡ್ಯದಲ್ಲಿ ಮೆಕ್ಯಾನಿಕಲ್ ಓದಿ, ಅಮೆರಿಕಕ್ಕೆ ಬಂದು ಪಾರ್ಸಿಪನಿ ಅನ್ನುವ ಊರಿನಲ್ಲಿ ಇನ್ಶೂರೆನ್ಸ್ ಕಂಪನಿಯ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತಾ ತಲೆಗೂದಲು ಕಳೆದುಕೊಂಡವರು. ಕೈಗೆ ಗ್ರೀಸು ಅಂಟಬೇಕು ಅನ್ನುವ ಆಸೆ ಮಾತ್ರ ಹೋಗಲಿಲ್ಲ. ಎಡಿಸನ್ ಊರಿನ ನಮ್ಮ ಮನೆಯ ಗರಾಜಿಗೆ ಒಂದು ದಿನ ಪೆಟ್ಟಿಗೆಗಟ್ಟಲೆ ಕಾರು ಬಂದು ಬಿತ್ತು. ಕಿಟ್ ಕಾರಂತೆ. ಚೌಕಟ್ಟು, ಮೇಲಿನ ಹೊದಿಕೆ ಅವರು ಕೊಡುತ್ತಾರೆ. ಇಂಜಿನ್ನು, ಬ್ರೇಕು ಎಲ್ಲವನ್ನೂ ನಾವು ಒಂದು ಹಳೇ ಕಾರಿನಿಂದ ಕಿತ್ತು ಜೋಡಿಸಿಕೊಳ್ಳಬೇಕು. ಹಾಗೆ ಕೀಳಿಸಿಕೊಳ್ಳುವ ಕಾರಿಗೆ ಡೋನರ್ ಕಾರು ಅಂತ ಹೆಸರು. ನನ್ನ ಗಾಡಿ ಹೊರಗೆ ನಿಂತರೆ ಸ್ನೋ ಕೆರೆಯುವವರು ಯಾರು ಅಂತ ನಾನು ಕೂಗಾಡಿದೆ. ನನ್ನ ಮಾತು ಯಾರು ಕೇಳುತ್ತಾರೆ?

ಆಮೇಲೆ ಇವರ ಕಣ್ಣಿನ ಸುದ್ದಿ ಬಂತು. ಸಂಜೆಯಾದರೆ ಬಾಗಿಲಿಗೆ ಭುಜ ತಗುಲಿಸಿಕೊಳ್ಳುತ್ತಿದ್ದರು, ಪಕ್ಕದಲ್ಲಿಟ್ಟ ಲೋಟ ಉರುಳಿಸುತ್ತಿದ್ದರು. ಮೈಮೇಲೆ ಎಚ್ಚರ ಇಲ್ಲ ಅಂತ ನಾನು ಬೈಯುತ್ತಿದ್ದೆ. ನೋಡಿದರೆ ರೆಟಿನಾ ಅಂಚಿನಿಂದ ಒಳಕ್ಕೆ ಸಾಯುತ್ತಾ ಬರುತ್ತಿದೆಯಂತೆ. ಇದಕ್ಕೆ ಮದ್ದಿಲ್ಲ ಅಂದರು ಡಾಕ್ಟರು. ಸದ್ಯಕ್ಕೆ ಹಗಲು ಹೊತ್ತು, ಹತ್ತಿರದ ಜಾಗಕ್ಕೆ ಓಡಿಸಬಹುದು. ನವೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿದ ಮೇಲೆ ಅದಕ್ಕೂ ಸಹಿ ಹಾಕುತ್ತೇನೆ ಅನ್ನುವ ಭರವಸೆ ಇಲ್ಲ ಅಂದುಬಿಟ್ಟರು.

ವಾಪಸು ಬರುವಾಗ ನಾನೇ ಡ್ರೈವ್ ಮಾಡುತ್ತಿದ್ದೆ. ಮನೆ ಹತ್ತಿರವಾದಾಗ ಇವರು ಅಂದರು.

"ರಾಜಿ, ನವೆಂಬರ್ ಒಳಗೆ ಆ ಕಾರನ್ನ ಒಂದೇ ಒಂದು ಸಲ ನಾನೇ ಓಡಿಸ್ಬೇಕು ಕಣೇ. ಹಗಲಲ್ಲಿ, ನಮ್ಮ ಬೀದೀಲಿ ಒಂದು ರೌಂಡು. ಆಮೇಲೆ ಕೀ ನಿನ್ನ ಕೈಗೆ."

ಅವತ್ತಿನಿಂದ ಗರಾಜಿನ ವಿಷಯಕ್ಕೆ ನಾನು ಬಾಯಿ ಬಿಡಲಿಲ್ಲ.

ಆ ಬೇಸಿಗೆಗೆ ನಮ್ಮತ್ತೆ ದೇವಮ್ಮ ಮಂಡ್ಯದಿಂದ ಬಂದಿದ್ದರು. ಗರಾಜಿನಲ್ಲಿ ಕುರ್ಚಿ ಹಾಕಿಕೊಂಡು ಅವರೆಕಾಳು ಹಿಸುಕುತ್ತಾ ಮಗನ ಕೆಲಸ ನೋಡುವುದೇ ಅವರ ದಿನಚರಿ. ಇವರು ಡೋನರ್ ಕಾರಿನ ಎರಡು ಡ್ರೈವ್‌ಶಾಫ್ಟ್, ಅಂದರೆ ಹಿಂದಿನ ಚಕ್ರಗಳನ್ನು ತಿರುಗಿಸುವ ಕಬ್ಬಿಣದ ದಂಡಗಳನ್ನು ತಂದು ನೆಲದ ಮೇಲೆ ಮಲಗಿಸಿದಾಗ ಅತ್ತೆ ಮೂಗಿನ ಮೇಲೆ ಬೆರಳಿಟ್ಟರು.

"ಸತ್ತಿರೋ ಕಾರಿಂದ ಕೈಕಾಲು ತಂದು ಕಟ್ತೀಯೇನೋ ಶಿವು?"

"ಹೂಂ ಅಮ್ಮ. ಅದಕ್ಕೆ ಇನ್ನು ಅವು ಬೇಕಾಗಿಲ್ವಲ್ಲ."

ಅತ್ತೆಯ ಕೈ ನಿಂತುಹೋಯಿತು. "ಹಂಗಾದ್ರೆ ಕಣ್ಣೂ ಹಾಕ್ಬೋದಲ್ವೇನೋ? ನಂದೇ ತಗಳ್ಳಿ. ನಾನು ನೋಡಿದ್ದು ಸಾಕಾಗೈತೆ."

"ಅಮ್ಮ, ಅದು ಹಂಗೆ ಬಿಚ್ಚಿ ಹಾಕೋಕೆ ಬರಲ್ಲ," ಅಂದು ಇವರು ಕಾರಿನಡಿಗೆ ನುಸುಳಿಬಿಟ್ಟರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು. ನಾನು ಅವರ ಪಕ್ಕ ಕೂತು ಅವರೆಕಾಳು ಹಿಸುಕತೊಡಗಿದೆ.

ಆ ದಂಡದ ತುದಿಯಲ್ಲಿ ಹಲ್ಲುಗಳಿರುತ್ತವೆ. ಚಕ್ರದ ನಡುವಿನ ಗುಂಬದ ಒಳಗಿನ ಹಲ್ಲಿಗೆ ಅವು ಸರಿಯಾಗಿ ಕೂರಬೇಕು. ಇವರಿಗೆ ಒಳಗಿನದು ಕಾಣುತ್ತಿರಲಿಲ್ಲ. ಹೆಬ್ಬೆರಳು ತೂರಿಸಿ ಹಲ್ಲು ತಡವುತ್ತಾ, ಒಂಚೂರು ತಿರುಗಿಸಿ, ಮತ್ತೆ ತಡವಿ ಕೂರಿಸಿದರು. ಬೋಲ್ಟು ಜಾರಿ ಬಿದ್ದರೆ ನೆಲವೆಲ್ಲ ಸವರುತ್ತಿದ್ದರು. ಅದು ಕಾಲ ಬಳಿಯೇ ಬಿದ್ದಿರುತ್ತಿತ್ತು. ಎತ್ತಿ ಕೊಡಲೇ ಅಂದರೆ ಎಲ್ಲಿಲ್ಲದ ಸಿಟ್ಟು. ಹಾಗಾಗಿ ಕಂಡರೂ ಕಾಣದವಳ ಹಾಗೆ ನಾನು ನಿಂತಿರಬೇಕಿತ್ತು.

ಆಮೇಲೆ ಹಿಂದಿನ ಡಿಸ್ಕ್ ಬ್ರೇಕು. ಹೊಳೆಯುವ ಎರಡು ಕಬ್ಬಿಣದ ತಟ್ಟೆಗಳು. ಪೆಡಲ್ ಒತ್ತಿದರೆ ಎರಡು ಕಡೆಯಿಂದ ಪ್ಯಾಡುಗಳು ಬಂದು ತಟ್ಟೆಯನ್ನು ಅಮುಕಿ ಹಿಡಿಯುತ್ತವೆ. ಬ್ರೇಕ್ ಫ್ಲೂಯಿಡ್ ಹರಿಯುವ ಕೊಳವೆಯಲ್ಲಿನ ಗಾಳಿ ತೆಗೆಯಲು ನಾನು ಸೀಟಿನಲ್ಲಿ ಕೂತು ಪೆಡಲ್ ಒತ್ತಬೇಕಾಯಿತು.

"ಒತ್ತು. ಹಿಡಕೋ. ಈಗ ಬಿಡು. ಅಯ್ಯೋ, ನಾನು ಹೇಳೋ ಮುಂಚೆ ಬಿಡ್ತೀಯಲ್ಲೇ!"

"ಕಾಲು ಮರಗಟ್ಟಿದೆ ರೀ, ನನ್ನ ಕಾಲೇನು ಡೋನರ್ ಕಾರಿಂದ ತಂದಿದ್ದಾ?"

ಇವರು ಜೋರಾಗಿ ನಕ್ಕರು. ಡಾಕ್ಟರ ಹತ್ತಿರ ಹೋಗಿ ಬಂದ ಮೇಲೆ ಹಾಗೆ ನಕ್ಕಿದ್ದು ಅದೇ ಮೊದಲು.

ಕಾರು ಇನ್‌ಸ್ಪೆಕ್ಷನ್ ಪಾಸಾಗದೆ ನಂಬರ್ ಪ್ಲೇಟಿಲ್ಲ, ಪ್ಲೇಟಿಲ್ಲದೆ ರಸ್ತೆಗಿಳಿಸುವ ಹಾಗಿಲ್ಲ, ರಸ್ತೆಗಿಳಿಸದೆ ಬ್ರೇಕು ಹಿಡಿಯುತ್ತದೋ ಇಲ್ಲವೋ ತಿಳಿಯುವ ಹಾಗಿಲ್ಲ. ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ ಅನ್ನುತ್ತಾರಲ್ಲ, ಅದೇ ಕಥೆ. ಮನೆಯಲ್ಲಿ ಕಟ್ಟಿದ ಕಾರು ನೋಡುವ ಕೇಂದ್ರದಲ್ಲಿ ದಿನ ಸಿಗುವುದೇ ಕಷ್ಟ. ಕೊನೆಗೂ ಅಕ್ಟೋಬರಿನಲ್ಲಿ, ಆಯುಧಪೂಜೆ ಕಳೆದ ಮರುವಾರ ಒಂದು ದಿನ ಸಿಕ್ಕಿತು.

ಆಯುಧಪೂಜೆಯ ಬೆಳಿಗ್ಗೆ ನಾನು ಒಳಗೆ ಒಬ್ಬಟ್ಟಿನ ಹೂರಣ ಕೆದಕುತ್ತಿದ್ದೆ. ಇವರು ಸ್ನಾನಕ್ಕೆ ಹೋಗಿದ್ದರು. ಕಾರಿನ ಹಿಂದಿನ ಚಕ್ರ ಇನ್ನೂ ಹಾಕಿರಲಿಲ್ಲ. ಅತ್ತೆ ಸ್ಪ್ಯಾನರ್, ಸುತ್ತಿಗೆ ಎಲ್ಲಕ್ಕೂ ಅರಿಶಿನ ಕುಂಕುಮ ಇಟ್ಟು, ಸ್ಟೀರಿಂಗಿಗೆ ಹೂವು ಮುಡಿಸಿ, ಬೆಳ್ಳಿ ತಟ್ಟೆಯ ಹಾಗೆ ಹೊಳೆಯುತ್ತಿದ್ದ ಬ್ರೇಕಿನ ಬಳಿಗೆ ಬಂದಿದ್ದಾರೆ. ನುಣುಪು ಕಬ್ಬಿಣಕ್ಕೆ ಒಣ ಕುಂಕುಮ ನಿಲ್ಲಲಿಲ್ಲ. ಊರಿಂದ ತಂದ ಹರಳೆಣ್ಣೆಯಲ್ಲಿ ಕಲಸಿ ಬಳಿದಿದ್ದಾರೆ. ಹರಳೆಣ್ಣೆ ಕಣ್ಣಿಗೆ ತಂಪು ಅಂತ ದಿನವೂ ಮಗನ ನೆತ್ತಿಗೆ ತಟ್ಟುತ್ತಿದ್ದ ಎಣ್ಣೆ ಅದು.

ಇವರು ಬಂದು ನೋಡಿ ತಬ್ಬಿಬ್ಬಾದರು. ಬ್ರೇಕಿಗೆ ಎಣ್ಣೆ ಸೋಕಲೇಬಾರದು, ಪ್ಯಾಡು ಜಾರುತ್ತದೆ. ಆದರೆ ಕೈಮುಗಿದು ನಿಂತಿದ್ದ ಅಮ್ಮನಿಗೆ ಏನೂ ಹೇಳಲಿಲ್ಲ. ಊಟವಾದ ಮೇಲೆ ಅವರು ಮಲಗಿದಾಗ ಸ್ಪಿರಿಟ್ಟು, ಬಟ್ಟೆ ತೆಗೆದುಕೊಂಡು ಸದ್ದಿಲ್ಲದೆ ಒರೆಸಿದರು. ಕಂಡ ಕೆಂಪನ್ನೆಲ್ಲ ಒರೆಸಿದರು. ತಟ್ಟೆಗೆ ಒಳಮುಖವೂ ಉಂಟಲ್ಲ. ಅತ್ತೆ ಕೈ ತೂರಿಸಿ ಅಲ್ಲಿಗೂ ಬಳಿದಿದ್ದರು. ಆ ಕತ್ತಲಲ್ಲಿದ್ದದ್ದು ಇವರ ಕಣ್ಣಿಗೆ ಬೀಳಲಿಲ್ಲ.

ಸ್ನೇಹಿತ ಜಗದೀಶ್ ತಮ್ಮ ಪಿಕಪ್ಪಿಗೆ ಟ್ರೇಲರ್ ಕಟ್ಟಿ ಕಾರನ್ನು ಸಾಗಿಸಿದರು. ನಾನೂ ಹೋದೆ. ದೀಪ, ಹಾರ್ನು, ಬೆಲ್ಟು ಎಲ್ಲ ಸರಿ. ಬ್ರೇಕ್ ಪರೀಕ್ಷೆಯಲ್ಲಿ ಹಿಂದಿನ ಬ್ರೇಕು ಹಿಡಿಯಲೇ ಇಲ್ಲ, ಚಕ್ರಗಳು ತಿರುಗುತ್ತಲೇ ಹೋದವು. ಇನ್‌ಸ್ಪೆಕ್ಟರು ಬಗ್ಗಿ ತಟ್ಟೆಯ ಹಿಂಬದಿಗೆ ಬೆರಳು ಸವರಿ ಹೊರತೆಗೆದರು. ಬೆರಳು ಕೆಂಪಾಗಿತ್ತು. ಪ್ಯಾಡುಗಳೂ ಎಣ್ಣೆ ಕುಡಿದುಬಿಟ್ಟಿದ್ದವು.

"ಇದೇನು, ಫ್ಲೂಯಿಡ್ ಲೀಕಾ?" ಅಂತ ಕೇಳಿದರು ಅವರು ಇಂಗ್ಲಿಷಿನಲ್ಲಿ.

ಇವರು ಆ ಬೆರಳನ್ನು ಮೂಗಿನ ಹತ್ತಿರ ತಂದುಕೊಂಡರು. ವಾಸನೆ ಗೊತ್ತಾಯಿತು. "ನಮ್ಮಮ್ಮ," ಅಂದರು, ಅಷ್ಟೇ. ಆ ಮನುಷ್ಯ ಒಳ್ಳೆಯವನು, ಪಾಪ. ಭುಜ ತಟ್ಟಿ, ಪ್ಯಾಡ್ ಬದಲಾಯಿಸಿಕೊಂಡು ಬನ್ನಿ ಅಂದ. ಪ್ಯಾಡ್ ಬದಲಾಯಿಸುವುದು ಒಂದು ಮಧ್ಯಾಹ್ನದ ಕೆಲಸ. ಆದರೆ ಮುಂದೆ ಖಾಲಿಯಿದ್ದ ದಿನ ಡಿಸೆಂಬರಿನಲ್ಲಿ! ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ನಾನು ಫೋನು ಮಾಡಿ ಗೋಗರೆದೆ, ಯಾರಾದರೂ ಕ್ಯಾನ್ಸಲ್ ಮಾಡಿದರೆ ಹೇಳಿ ಅಂದೆ. ಯಾರೂ ಮಾಡಲಿಲ್ಲ. ನನಗೆ ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಅತ್ತೆಯ ಮೇಲೆ ಮಾಡಬಹುದಿತ್ತು; ಆದರೆ ಆ ಮುದುಕಿ ಮಗನ ಕಣ್ಣಿಗಾಗಿ ಊರಿಂದ ಹೊತ್ತು ತಂದ ಎಣ್ಣೆಯಲ್ಲವೇ ಅದು? ಹಾಳಾದ ಸಿಟ್ಟು ಪಾತ್ರೆಗಳ ಮೇಲೆ ಹೋಯಿತು.

"ಏನಾಯ್ತಪ್ಪ ಕಾರು?" ಅಂತ ಅತ್ತೆ ಕೇಳಿದರೆ, "ಇನ್ನೊಂದ್ಸಲ ಬರಕ್ಕೆ ಹೇಳಿದಾರೆ ಅಮ್ಮ, ಇಲ್ಲಿ ಎಲ್ರಿಗೂ ಹಂಗೇ," ಅಂದರು ಇವರು.

ನವೆಂಬರಿನಲ್ಲಿ ಡಾಕ್ಟರು ಸಹಿ ಹಾಕಲಿಲ್ಲ. ಇವರು ಅವತ್ತೇ ಪರ್ಸಿನಿಂದ ಲೈಸೆನ್ಸ್ ತೆಗೆದು ನನ್ನ ಕೈಗಿಟ್ಟರು. ನಾನು ಅತ್ತುಬಿಟ್ಟೆ. ಇವರು ಅಳಲಿಲ್ಲ.

ಡಿಸೆಂಬರಿನಲ್ಲಿ ಕಾರು ಪಾಸಾಯಿತು. ಪ್ಲೇಟು ಬಂದ ಸಂಜೆ ಬೀದಿಯಲ್ಲಿ ರೌಂಡು ಹೊಡೆದವರು ಜಗದೀಶ್. ನನಗೆ ಕೈಯಲ್ಲಿ ಗೇರು ಹಾಕುವ ಕಾರು ಓಡಿಸಲು ಬರುವುದಿಲ್ಲ. ಇವರು ಪಕ್ಕದ ಸೀಟಿನಲ್ಲಿ ಕೂತಿದ್ದರು. ಬೀದಿ ತುದಿಯ ಸ್ಟಾಪ್ ಸೈನಿನಲ್ಲಿ ಕಾರು ಗಕ್ಕನೆ ನಿಂತಿತು.

ಇಬ್ಬರೂ ವಾಪಸು ಬಂದಾಗ ಕತ್ತಲು ಕವಿದಿತ್ತು. ಅತ್ತೆ ಶಾಲು ಹೊದ್ದು ನನ್ನ ಜೊತೆ ಗರಾಜಿನ ಬಾಗಿಲಲ್ಲೇ ಕಾಯುತ್ತಿದ್ದರು. ಮುಖವೆಲ್ಲ ಅರಳಿತ್ತು.

"ನೋಡ್ದೇನೋ ಶಿವು, ಎಷ್ಟು ಚೆನ್ನಾಗಿ ನಿಲ್ತು! ಅವತ್ತು ನಾನು ಪೂಜೆ ಮಾಡಿದ್ದು ಸುಮ್ನೆ ಹೋಗಲಿಲ್ಲ ಕಣಪ್ಪ."

ಇವರು ಬಾಗಿಲು ತಡವಿಕೊಂಡು ಇಳಿದರು. "ಹೌದಮ್ಮ," ಅಂದರು. "ನಿನ್ನ ಪೂಜೆಯಿಂದ್ಲೇ ನಿಂತಿದ್ದು."

ಅತ್ತೆ ಇವರ ಎಡಗಡೆ ನಿಂತಿದ್ದರು. ಇವರು ಆ ಮಾತನ್ನು ನಗುನಗುತ್ತಾ ಬಲಗಡೆಯ ಗೋಡೆಗೆ ಹೇಳಿದರು.