ಮಾವನ ಮಧ್ಯಾಹ್ನದ ನಿದ್ದೆ

ಅಪ್ಪೆಹುಳಿಗೆ ಇಂಗಿನ ಒಗ್ಗರಣೆ ಬಿದ್ದ ವಾಸನೆ ಬಂದರೆ ಇವತ್ತಿಗೂ ನನ್ನ ಕಣ್ಣು ತಾನಾಗಿ ಮುಚ್ಚುತ್ತದೆ, ನಿದ್ದೆಯಿಂದಲ್ಲ, ಭಯದಿಂದ. ನಮ್ಮ ಕಡೆ ಬೇಸಿಗೆಯ ಊಟ ಈ ಮಾವಿನಕಾಯಿಯ ಹುಳಿನೀರನ್ನು ಲೋಟಗಟ್ಟಲೆ ಕುಡಿಯದೆ ಮುಗಿಯುವುದಿಲ್ಲ, ಕುಡಿದವರು ತೂಕಡಿಸದೆ ಇರುವುದಿಲ್ಲ. ತ್ಯಾಗಲಿಯ ನನ್ನ ಸೋದರಮಾವ ಈ ತೂಕಡಿಕೆಯನ್ನು ಶಾಸನದ ಮಟ್ಟಕ್ಕೆ ಏರಿಸಿದ್ದ. ಒಂದೂವರೆಯಿಂದ ಮೂರರವರೆಗೆ ಅವನ ಜಗಲಿಯಲ್ಲಿ ಮನುಷ್ಯರು, ಬೆಕ್ಕು, ಬಾವಿಯ ರಾಟೆ, ಎಲ್ಲವೂ ಸುಮ್ಮನಿರತಕ್ಕದ್ದು. ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿ ಕಣ್ಣು ಮುಚ್ಚತಕ್ಕದ್ದು. ನಿದ್ದೆ ಬರುವುದು ಬಿಡುವುದು ಅವರವರ ಯೋಗ್ಯತೆ. ತೆರೆದ ಕಣ್ಣು ಕಂಡರೆ ಮಾತ್ರ ಮಾವ ಬೀಸಣಿಗೆಯ ಹಿಡಿಯನ್ನು ಮೊಣಕಾಲಿಗೆ ಮುಟ್ಟಿಸಿ, "ಕಣ್ಣು ಮುಚ್ಚು, ಮಾಣಿ" ಎನ್ನುತ್ತಿದ್ದ. ದನಿ ಏರಿಸುತ್ತಿರಲಿಲ್ಲ. ಏರಿಸಿದರೆ ಅವನ ಕಾನೂನನ್ನು ಅವನೇ ಮುರಿದಂತೆ. ಆ ಜಗಲಿ ಈಗಿಲ್ಲ. ಹಿಸ್ಸೆಯಾದಾಗ ನಡುವೆ ಗೋಡೆ ಬಂತು. ನಿಮಗೂ ಅಂಥದೊಂದು ಜಗಲಿ ಇದ್ದಿದ್ದರೆ, ಅದರ ನೆಲದ ತಂಪು ಬೆನ್ನಿಗೆ ಇನ್ನೂ ನೆನಪಿದ್ದೀತು. ನನಗೂ ಇದೆ. ಅದಕ್ಕೆಂದು ಮಾವನಿಗೆ ರಿಯಾಯಿತಿ ಇಲ್ಲ.

ನನಗೆ ಅಪ್ಪ ಇರಲಿಲ್ಲ. ಆಯಿ, ಅಂದರೆ ಅಮ್ಮ, ಯಲ್ಲಾಪುರದಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದಳು. ಶಾಲೆಗೆ ಬೇಸಿಗೆ ರಜೆ ಬರುತ್ತಿತ್ತು, ಟೆಲಿಫೋನಿಗೆ ಬರುತ್ತಿರಲಿಲ್ಲ. ಹಾಗಾಗಿ ಎರಡು ತಿಂಗಳು ನನ್ನನ್ನು ತನ್ನ ಅಣ್ಣನಾದ ಈ ಮಾವನ ಮನೆಯಲ್ಲಿ ಬಿಡುತ್ತಿದ್ದಳು. ನನಗೆ ಏಳು ವರ್ಷವಾಗಿದ್ದಾಗ, ಒಂದು ಮಧ್ಯಾಹ್ನ, ಶಾಸನ ಜಾರಿಯಲ್ಲಿರುವಾಗಲೇ ಅಂಗಳದಲ್ಲಿ ಅವಳ ದನಿ ಕೇಳಿಸಿತು. ಹೇಳದೆ ಕೇಳದೆ ಬಂದಿದ್ದಳು. ನನ್ನ ಪಕ್ಕ ಕೂತಳು. ಬಳೆ ಸದ್ದು ಮಾಡದಂತೆ ಮೇಲಕ್ಕೆ ಸರಿಸಿಕೊಂಡು ನನ್ನ ಹಣೆಯ ಮೇಲೆ ಅಂಗೈ ಇಟ್ಟಳು. ಬಸ್ಸಿನ ಕಬ್ಬಿಣ ಹಿಡಿದು ಬಂದ ಕೈಯ ವಾಸನೆ, ಅದರಡಿ ಅವಳದೇ ವಾಸನೆ. ನಾನು ಕಣ್ಣು ಬಿಡಲಿಲ್ಲ. ಮಾವ ಅಲ್ಲೇ ಇದ್ದ, ಬೀಸಣಿಗೆಯೂ ಅಲ್ಲೇ ಇತ್ತು. ಮೂರು ಹೊಡೆಯಲಿ, ಎದ್ದು ಕುತ್ತಿಗೆಗೆ ಜೋತುಬೀಳುತ್ತೇನೆ ಎಂದು ಮಲಗಿದೆ. ಕೈ ಯಾವಾಗಲೋ ಹಣೆಯಿಂದ ಸರಿಯಿತು. ಹೆಜ್ಜೆಯ ಸಪ್ಪಳ ಕೇಳಲಿಲ್ಲವಾದ್ದರಿಂದ ಇನ್ನೂ ಪಕ್ಕದಲ್ಲೇ ಕೂತಿದ್ದಾಳೆ ಎಂದುಕೊಂಡೆ. ಗಡಿಯಾರ ಮೂರು ಹೊಡೆದಾಗ ಕಣ್ಣು ಬಿಟ್ಟರೆ ತಲೆಯ ಬಳಿ ಬಿಸ್ಕತ್ತಿನ ಪೊಟ್ಟಣ ಮಾತ್ರ ಇತ್ತು. ಆಯಿ ಎರಡೂವರೆಯ ಬಸ್ಸಿಗೆ ಹೋಗಿಯಾಗಿತ್ತು. ಆ ಬಿಸ್ಕತ್ತನ್ನು ನಾನು ಮುಟ್ಟಲಿಲ್ಲ. ಮಾವನ ಮಕ್ಕಳು ಮುಟ್ಟಿದರು. ನಾನು ಎಚ್ಚರವಿದ್ದೆ ಎಂದು ಆಯಿಗೆ ಅವಳಿರುವ ತನಕ ಹೇಳಲಾಗಲಿಲ್ಲ. ಮಾವನ ಮೇಲೆ ಸೇಡು ತೀರಿಸಿಕೊಳ್ಳುವುದೆಂದು ಅಂದೇ ನಿರ್ಧರಿಸಿದೆ. ಏಳು ವರ್ಷದವನ ನಿರ್ಧಾರಗಳಲ್ಲಿ ಅದೊಂದು ಮಾತ್ರ ಅರವತ್ತರವರೆಗೂ ಕೆಡದೆ ಉಳಿಯಿತು.

ಶಿರಸಿಯ ನಮ್ಮ ಮನೆಯ ಹಿಂದೆ ಹಲಗೆ ಹಾಸಿದ ಜಗಲಿಯೊಂದಿದೆ. ಮನೆ ಕಟ್ಟಿಸಿಕೊಟ್ಟ ಇಂಜಿನಿಯರ್ ಅದನ್ನು ಡೆಕ್ ಎಂದ. ನಾವೂ ಹಾಗೇ ಕರೆದು, ಬೇಸಿಗೆಯ ಸಂಜೆಗಳಲ್ಲಿ ಅಲ್ಲಿ ಹಡಗಿನ ಕಪ್ತಾನರ ಗಾಂಭೀರ್ಯದಿಂದ ಕೂತು ಹಲಸಿನ ಹಪ್ಪಳ ತಿನ್ನುತ್ತೇವೆ. ಕಳೆದ ಮಳೆಗೆ ಅರ್ಧದಷ್ಟು ಹಲಗೆಗಳು ಲಡ್ಡಾಗಿ ಕೊಳೆತವು. ಈ ಏಪ್ರಿಲ್‌ನಲ್ಲಿ ರಿಪೇರಿಗೆ ಹಿಡಿದೆ. "ನೆಂಟರು ಬಪ್ಪ ಹೊತ್ತಲ್ಲೇ ಎಂತಕ್ಕೆ ಈ ಗಲಾಟೆ? ನಿಂಗಕ್ಕೆ ಎಂತ ಆಜು?" ಎಂದಳು ಹೆಂಡತಿ. ಅವಳಿಗೆ ಗೊತ್ತಿರಲಿಲ್ಲ, ನಾನು ಮೊದಲು ಮಾವನನ್ನು ಕರೆದು ಆಮೇಲೆ ಆಚಾರಿಯನ್ನು ಗೊತ್ತು ಮಾಡಿದ್ದೆ. ಆಚಾರಿ ಮಂಜುನಾಥನಿಗೆ ನನ್ನದು ಒಂದೇ ಷರತ್ತು: ಕಟಿಂಗ್ ಮಷಿನ್ ಸರಿಯಾಗಿ ಒಂದೂವರೆಗೆ ಶುರುವಾಗಬೇಕು. "ಉಂಡ ಮೇಲೆ ನಾವೂ ಒಂಚೂರು ಅಡ್ಡಾಗ್ತೇವಲ್ಲ ಹೆಗಡೇರೆ" ಎಂದು ಗೋಗರೆದ. ಈ ಮನೆಯಲ್ಲಿ ಇನ್ನು ಯಾರೂ ಅಡ್ಡಾಗುವಂತಿಲ್ಲ ಎಂದೆ.

ಎಂಬತ್ತೈದರ ಮಾವ ಊಟದ ಹೊತ್ತಿಗೆ ಬಾಡಿಗೆ ಕಾರಿನಲ್ಲಿ ಬಂದಿಳಿದ. ಮಾತೆಲ್ಲ ತಾನೇ ಆಡಿದ, ನಾವು ಏನು ಹೇಳಿದರೂ ನಕ್ಕ. ಮೂರು ಲೋಟ ಅಪ್ಪೆಹುಳಿ ಕುಡಿದು, ಡೆಕ್ಕಿಗೆ ತಾಗಿದ ಕೋಣೆಯಲ್ಲಿ ಮಲಗಿದ. ನಾನು ಆಟದ ಮುಂದಿನ ಸಾಲಿನಲ್ಲಿ ಜಾಗ ಹಿಡಿದವನ ಹಾಗೆ ಎದುರಿಗೆ ಕುರ್ಚಿ ಹಾಕಿ ಕೂತೆ. ಮಷಿನ್ ಶುರುವಾಯಿತು. ಬೇಲಿಯ ಮೇಲಿನ ಹಕ್ಕಿಗಳು ಊರು ಬಿಟ್ಟವು, ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು, ಅಡುಗೆಮನೆಯಲ್ಲಿ ಸ್ಟೀಲಿನ ತಟ್ಟೆಗಳು ನಡುಗಿದವು. ಮಾವ ಮಗ್ಗುಲು ಬದಲಿಸಿದ, ಅಷ್ಟೇ. ಡ್ರಿಲ್ಲಿಂಗ್ ಮಷಿನನ್ನೂ ಸೇರಿಸಲು ಹೇಳಿದೆ. ಮೂರು ಗಂಟೆಗೆ ತಾನಾಗಿ ಎದ್ದು ಮುಖ ಒರೆಸಿಕೊಂಡು, "ನಿಮ್ಮನೆ ಎಷ್ಟು ಶಾಂತ ಇದ್ದು ಮಾರಾಯಾ" ಎಂದ. "ತ್ಯಾಗಲಿಲಿ ಹೀಂಗೆ ನಿದ್ದೆ ಬತ್ತಿಲ್ಲೆ."

"ಮಾವಂಗೆ ಈಗ ಕಿವಿ ಕೇಳ್ತಿಲ್ಲೆ," ಹೆಂಡತಿ ಚಹಾ ತಂದಿಟ್ಟು ಹೇಳಿದಳು. "ಕಿವಿ ಮಷಿನ್ ಮನೆಲೇ ಬಿಟ್ಟಿಕ್ಕಿ ಬೈಂದ."

ಹೀಗಾಗಿ ಐವತ್ತು ಚಿಲ್ಲರೆ ವರ್ಷ ಯಾರ ಬಳಿಯೂ ಪಿಸುಗುಟ್ಟದ ಮಾತನ್ನು ನಾನು ಕಿರುಚಿ ಹೇಳಬೇಕಾಯಿತು. ಆಯಿ ಬಂದ ದಿನ ನಾನು ಎಚ್ಚರವಿದ್ದೆ, ನಿನ್ನ ಹೆದರಿಕೆಗೆ ಕಣ್ಣು ಬಿಡಲಿಲ್ಲ ಎಂದು. "ಎಂತದು?" ಎಂದ ಮಾವ. ಎರಡನೆಯ ಸಲ ಇನ್ನೂ ಗಟ್ಟಿಯಾಗಿ ಹೇಳಿದೆ. ಮಂಜುನಾಥನ ಕೈ ನಿಂತಿತು. ಪಕ್ಕದ ಮನೆಯ ಕಿಟಕಿ ಮತ್ತೆ ತೆರೆಯಿತು.

"ಗೊತ್ತಿದ್ದು," ಎಂದ ಮಾವ ನಿಧಾನಕ್ಕೆ. "ನಿನ್ನ ರೆಪ್ಪೆ ನಡುಗ್ತಿತ್ತು. ಆನು ಏಳಿಸಲೆ ಹೊರಟಿದ್ದೆ. ನಿನ್ನ ಆಯಿನೇ ಕೈಸನ್ನೆಲಿ ಬೇಡ ಹೇಳಿತ್ತು. ಮಾಣಿ ಕಣ್ಣು ಬಿಟ್ರೆ ಅವನ್ನ ಬಿಟ್ಟಿಕ್ಕಿ ಹೋಪಲೆ ಎನಗೆ ಆಗ್ತಿಲ್ಲೆ ಅಣ್ಣಾ, ಹೇಳಿತ್ತು ಅಂಗಳಕ್ಕೆ ಇಳಿದ ಮೇಲೆ. ಸಪ್ಪಳ ಆಗ್ತು ಹೇಳಿ ಚಪ್ಪಲಿ ಕೈಯಲ್ಲಿ ಹಿಡ್ಕಂಡು ಹೋತು, ರಸ್ತೆವರೆಗೂ."

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕಿರುಚಿದೆ. ಇದು ಒಂದೇ ಸಲಕ್ಕೆ ಕೇಳಿಸಿತು.

"ಸಿಟ್ಟು ಎನ್ನ ಮೇಲೆ ಇತ್ತಲ. ತಂಗಿ ಮೇಲೆ ಆಪದಕ್ಕಿಂತ ಚೊಲೋ ಅಲ್ದಾ?"

ಮಾವ ನಾಲ್ಕು ದಿನ ಇದ್ದು ಹೋದ. ಮರುದಿನದಿಂದ ಆಚಾರಿಗೆ ಒಂದೂವರೆಗೆ ಕೆಲಸ ನಿಲ್ಲಿಸಿ ಅಡ್ಡಾಗಲು ಹೇಳಿದೆ. ಕಿವಿ ಕೇಳದವನಿಗೆ ಅದರಿಂದ ಏನೂ ಆಗಬೇಕಾದ್ದಿಲ್ಲ ಎಂದು ಗೊತ್ತಿದ್ದೇ ಹೇಳಿದೆ. ಇದನ್ನು ಕ್ಷಮೆ ಎಂದು ಯಾರೂ ತಿಳಿಯಬಾರದು. ಸಿಟ್ಟನ್ನು ಮಾವನ ತಲೆಯಿಂದ ಇಳಿಸಿದರೆ ಅದು ನೇರ ಆಯಿಯ ಹಿಂದೆ ಹೋಗುತ್ತದೆ. ಅವಳು ಬರಿಗಾಲಲ್ಲಿ, ಎರಡು ಗಂಟೆಯ ಬಿಸಿಲಿಗೆ ಕಾದ ದಾರಿಯಲ್ಲಿ ನಡೆಯುತ್ತಿದ್ದಾಳೆ. ಆದ್ದರಿಂದ ಅದು ಸದ್ಯಕ್ಕೆ ಮಾವನ ಮೇಲೇ ಇರಲಿ. ಅವನು ಒಪ್ಪಿದ್ದಾನೆ.